ಶನಿಯ ಧೂಳು, ಒಲೆಯ ಬೂದಿ

ಸಿಂಧನೂರು
12 ಆಗಸ್ಟ್ 2024

ಜಮೀಲಾ ಖಾಲಾಗೆ ಅತೀಯಾಳ ಸಲಾಮ್.

ನಿನ್ನ ಬೈಗುಳದ ಕಾಗದ ತಲುಪಿತು. ಫೋನಿನಲ್ಲಿ ಮಾತಾಡಿದರೆ ನಿನಗೆ ಕಿವಿ ಕೇಳುವುದಿಲ್ಲ, ಕಾಗದ ಬರೆಯೋಣವೆಂದರೆ ನನಗೆ ಪುರಸೊತ್ತಿಲ್ಲ. ಹೀಗಾಗಿ ಲಿಂಗಸುಗೂರಿಗೂ ಸಿಂಧನೂರಿಗೂ ನಡುವೆ ಎರಡು ತಿಂಗಳು ಒಂದು ಮಾತೂ ಓಡಾಡಲಿಲ್ಲ. ತಪ್ಪು ನನ್ನದೇ. ಇನ್ನು ಮೇಲೆ ಬರೆಯುತ್ತೇನೆ.

"ಕಾಲೇಜಿನಾಗ ಪಾಠ ಹೇಳಿ ಬಂದ ಮ್ಯಾಗ ಆ ಲ್ಯಾಪ್‌ಟಾಪಿನಾಗ ಏನು ಹುಡುಕ್ತೀ?" ಎಂದು ಕೇಳಿದ್ದೀಯ. ಧೂಳು ಅಳೆಯುತ್ತೇನೆ. ನಗಬೇಡ, ನಿಜವಾಗಿಯೂ ಅದೇ ಕೆಲಸ. ಶನಿ ಗ್ರಹದ ಸುತ್ತ ಬಳೆಗಳಿವೆಯಲ್ಲ, ಅಲ್ಲಿಗೆ ಕ್ಯಾಸಿನಿ ಎಂಬ ನೌಕೆ ಹೋಗಿತ್ತು. ಹದಿಮೂರು ವರ್ಷ ಸುತ್ತಿತು. ಅದರ ಮೈಗೆ ಬಕೆಟ್ಟಿನಂಥ ಒಂದು ಉಪಕರಣ ಕಟ್ಟಿದ್ದರು. ಒಳಗೆ ಬಂಗಾರದ ಲೇಪ, ನಡುವೆ ರೋಡಿಯಂ ಎಂಬ ಲೋಹದ ತಟ್ಟೆ. ಕಣ್ಣಿಗೆ ಕಾಣದಷ್ಟು ಸಣ್ಣ ಧೂಳಿನ ಕಣ, ಬಂದೂಕಿನ ಗುಂಡಿಗಿಂತ ಎಷ್ಟೋ ಪಟ್ಟು ಜೋರಾಗಿ ಬಂದು ಆ ತಟ್ಟೆಗೆ ಬಡಿದರೆ ಅಲ್ಲೇ ಆವಿಯಾಗಿ ಹೋಗುತ್ತದೆ. ಆವಿಯಲ್ಲಿ ಹಗುರಾದದ್ದು ಮೊದಲು ಓಡುತ್ತದೆ, ಭಾರದ್ದು ಹಿಂದೆ ಬೀಳುತ್ತದೆ. ಯಾವುದು ಎಷ್ಟು ಹೊತ್ತಿಗೆ ತಲುಪಿತು ಎಂದು ಅಳೆದರೆ ಆ ಕಣದೊಳಗೆ ಏನೇನಿತ್ತು ಎಂದು ಹೇಳಬಹುದು. ಇದನ್ನು ಯೋಚಿಸಿ ಮಾಡಿದವರ ಕೈಗೆ ಮುತ್ತು ಕೊಡಬೇಕು ಖಾಲಾ.

2017ರಲ್ಲಿ ನೌಕೆಯನ್ನು ಶನಿಯೊಳಗೇ ಬೀಳಿಸಿ ಮುಗಿಸಿದರು. ಅದು ಕಳಿಸಿದ ಅಂಕಿಗಳನ್ನೆಲ್ಲ ಜಗತ್ತಿನ ಯಾರು ಬೇಕಾದರೂ ನೋಡಲಿ ಎಂದು ಬಿಚ್ಚಿಟ್ಟಿದ್ದಾರೆ. ಇಲ್ಲಿ ನನ್ನ ಕೋಣೆಯ ಕಿಟಕಿಗೆ ಅಕ್ಕಿ ಮಿಲ್ಲಿನ ತೌಡಿನ ಧೂಳು ಕೂತಿರುತ್ತದೆ, ಒಳಗೆ ನಾನು ಶನಿಯ ಧೂಳು ನೋಡುತ್ತಿರುತ್ತೇನೆ.

ಈಗ ಮುಖ್ಯ ಸುದ್ದಿ. ಶನಿಗೆ ಎನ್‌ಸೆಲಾಡಸ್ ಎಂಬ ಒಂದು ಚಂದ್ರ ಇದೆ. ಅದರ ಹೊಟ್ಟೆಯಲ್ಲಿ ಉಪ್ಪುನೀರಿನ ಸಮುದ್ರ. ಬಿರುಕುಗಳಿಂದ ಆ ನೀರು ಚಿಮ್ಮುತ್ತದೆ. ಅದರ ಹತ್ತಿರ ಉಪ್ಪಿನ ಕಣ ಸಿಗುತ್ತದೆ ಎನ್ನುವುದು ಎಲ್ಲರಿಗೂ ಗೊತ್ತಿರುವ ಮಾತು. ನನಗೆ ಸಿಕ್ಕದ್ದು ಅಲ್ಲಿಂದ ಬಹಳ ದೂರ, ಉಪ್ಪು ಇರಬಾರದ ಜಾಗದಲ್ಲಿ. ಹನ್ನೊಂದು ಕಣ! ಅಂದರೆ ಉಪ್ಪು ಎರಚುವಂಥದ್ದು ಇನ್ನೇನೋ ಅಲ್ಲಿದೆ, ಅದನ್ನು ಇನ್ನೂ ಯಾರೂ ಕಂಡಿಲ್ಲ. ಪಿಎಚ್‌ಡಿ ಗೈಡ್ ಸರ್ ಕುರ್ಚಿಯಿಂದ ಎದ್ದು ನಿಂತುಬಿಟ್ಟರು. ಇದರ ಮೇಲೆ ಬರೆಯುತ್ತಿರುವ ಲೇಖನ ಅಚ್ಚಾದರೆ ಜೂನಿನೊಳಗೆ ನನ್ನ ಪಿಎಚ್‌ಡಿ ಮುಗಿಯುತ್ತದೆ, ಖಾಯಂ ಉಪನ್ಯಾಸಕರ ನೇಮಕಾತಿಗೆ ಅರ್ಜಿ ಹಾಕಬಹುದು. ವರ್ಷ ವರ್ಷ ಅತಿಥಿ ಉಪನ್ಯಾಸಕಿಯಾಗಿ ಇರುವುದು ತಪ್ಪುತ್ತದೆ. ನಾಲ್ಕು ವರ್ಷದ ದುಡಿಮೆ ಈ ಹನ್ನೊಂದರ ಮೇಲೆ ನಿಂತಿದೆ.

ನಿನ್ನ
ಅತೀಯಾ


ಲಿಂಗಸುಗೂರು
20 ಆಗಸ್ಟ್ 2024

ಬೇಟಿ ಅತೀಯಾಗೆ ದುವಾ.

ಕಾಗದ ನಾಲ್ಕು ಸಲ ಓದಿದೆ. ಪತ್ರವೆಂದರೆ ಪುಸ್ತಕದ ಭಾಷೆಯಲ್ಲಿ ಬರೆಯಬೇಕು ಎಂದು ಏಳನೇ ಇಯತ್ತೆಯಲ್ಲಿ ಮಾಸ್ತರ್ ಕಲಿಸಿದ್ದರು, ಅದಕ್ಕೇ ಹೀಗೆ ಬಿಗಿಯಾಗಿ ಬರೆಯುತ್ತಿದ್ದೇನೆ. ಸಿಟ್ಟು ಬಂದರೆ ಬಾಯಿ ಮಾತು ನುಗ್ಗುತ್ತದೆ, ತಡಕೊ.

ಬಾಜೂ ಮನೆಯ ಯಮನೂರಮ್ಮಗೂ ಓದಿ ಹೇಳಿದೆ. "ಯವ್ವಾ, ಶನಿ ಅಂದ್ರ ನಾವು ದೂರಿಂದ ಎಣ್ಣಿ ಹಾಕಿ ಕೈಮುಗಿದು ಬರ್ತೀವಿ. ನಿಮ್ಮ ತಂಗಿ ಮಗಳು ಅವನ ಅಂಗಳದ ಕಸ ಗುಡಸಾಕತ್ಯಾಳೇನು?" ಎಂದು ಬಾಯಿ ಮೇಲೆ ಕೈ ಇಟ್ಟುಕೊಂಡಳು. "ಗುಡಸಾದಲ್ಲ ಬೇ, ತೊಳಿಯಾದು. ನಮ್ಮ ಮನಿತನದ ಕೆಲಸಾನ ಅದು" ಎಂದೆ. ಸುಳ್ಳೇನು? ಸರಾಫ ಬಜಾರದ ಬಂಗಾರದ ಅಂಗಡಿಗಳ ಕಸ ತಂದು, ಸುಟ್ಟು, ಅರೆದು, ಕಟ್ಟಿಗೆಯ ಮರಿಗೆಯಲ್ಲಿ ನೀರು ಹಾಕಿ ತೂಗಿ ತೂಗಿ ಬಂಗಾರದ ಪುಡಿ ಇಳಿಸುವುದು ನಲವತ್ತು ವರ್ಷದಿಂದ ನನ್ನ ಕೆಲಸ. ನಿನ್ನ ತಟ್ಟೆಯಂತೆಯೇ ನನ್ನ ಮರಿಗೆಯಲ್ಲೂ ಹಗುರಾದದ್ದು ಮೊದಲು ಓಡುತ್ತದೆ. ರೋಡಿಯಂ ನನಗೇನು ಹೊಸದಲ್ಲ, ಬಿಳಿ ಬಂಗಾರಕ್ಕೆ ಅದರದೇ ಪಾಲಿಶ್. ಆದರೆ ಬಕೆಟ್ಟಿಗೆ ಬಂಗಾರ ಬಳಿದು, ಅದನ್ನು ಹೊತ್ತೊಯ್ದು ಶನಿಯೊಳಗೆ ಒಗೆದು ಬಂದರು ಅಂದೆಯಲ್ಲ, ಆ ಪುಣ್ಯಾತ್ಮರಿಗೆ ನನ್ನನ್ನು ಒಂದು ಮಾತು ಕೇಳಬೇಕು ಅನ್ನಿಸಲಿಲ್ಲವೇ?

ತಮಾಷೆ ಇರಲಿ. ನನಗೆ ಎಷ್ಟು ಹೆಮ್ಮೆ ಆಗಿದೆ ಎಂದು ಬರೆಯಲು ಬರುವುದಿಲ್ಲ. ನಾನು ಕಸದಲ್ಲಿ ಬಂಗಾರ ಹುಡುಕಿದೆ, ನೀನು ಆಕಾಶದ ಧೂಳಿನಲ್ಲಿ ಉಪ್ಪು ಹುಡುಕಿದೆ.

ಇನ್ನೊಂದು ಮಾತು. ಒಂದು ಅಂಗಡಿಯ ಕಸ ಮುಗಿಸಿ ಇನ್ನೊಂದರ ಕಸ ಹಾಕುವ ಮೊದಲು ನಾನು ನಮ್ಮ ಒಲೆಯ ಬೂದಿ ಒಂದು ಬೊಗಸೆ ಹಾಕಿ ತೊಳೆಯುತ್ತೇನೆ, ನೀನು ಸಣ್ಣವಳಿದ್ದಾಗ ನೋಡಿದ್ದೀ. ನಮ್ಮ ಒಲೆಯಲ್ಲಿ ಬಂಗಾರ ಎಲ್ಲಿಂದ ಬರಬೇಕು? ಆ ಬೂದಿಯಲ್ಲಿ ಏನಾದರೂ ಮಿಂಚಿದರೆ ಅದು ಹಿಂದಿನ ಅಂಗಡಿಯದು, ಕಟ್ಟಿಗೆಯ ಸೀಳಿನಲ್ಲಿ ಕುಂತದ್ದು. ಅದು ಪೂರಾ ಹೋಗುವ ತನಕ ತೊಳೆದು ಆಮೇಲೆ ಹೊಸದು ಹಾಕುವುದು. ಅಲ್ಲಿಯವರೂ ಹಾಗೆ ಏನಾದರೂ ಮಾಡಿದ್ದಾರೆಯೇ? ಮಾಡಿರುತ್ತಾರೆ, ಓದಿದವರು. ಸುಮ್ಮನೆ ಕೇಳಿದೆ.

ನಿನ್ನ ಖಾಲಾ
ಜಮೀಲಾಬೀ


ಸಿಂಧನೂರು
2 ಸೆಪ್ಟೆಂಬರ್ 2024

ಖಾಲಾಗೆ ಸಲಾಮ್.

ನಿನ್ನ ಒಲೆಯ ಬೂದಿಯ ಮಾತನ್ನು ಬಿ.ಎಸ್ಸಿ. ಮಕ್ಕಳಿಗೆ ಹೇಳಿದೆ. ಜವಳಗೇರಾದಿಂದ ಬಸ್ಸಿನಲ್ಲಿ ಬರುವ ಹುಡುಗಿಯೊಬ್ಬಳು, "ನಿಮ್ಮ ಖಾಲಾನೂ ಸೈಂಟಿಸ್ಟ್ ರೀ ಮೇಡಂ" ಎಂದಳು. ನಿಜವಾಗಿಯೂ ಅದು ಎಂಥ ಚೆಂದದ ಉಪಾಯ! ಬಂಗಾರ ಇಲ್ಲವೆಂದು ಖಾತ್ರಿ ಇರುವುದನ್ನು ಹಾಕಿ ಪಾತ್ರೆಯನ್ನೇ ಪರೀಕ್ಷೆ ಮಾಡುವುದು. ನಿನಗೆ ಯಾರು ಕಲಿಸಿದರು? ನಿನ್ನ ಅಮ್ಮ, ನಾನಿಯೇ? ಬರೆದು ತಿಳಿಸು, ಪಾಠದಲ್ಲಿ ಹೆಸರು ಹೇಳುತ್ತೇನೆ.

ಕ್ಯಾಸಿನಿಯವರ ಬಗ್ಗೆ ಚಿಂತೆ ಬೇಡ. ಆ ತಟ್ಟೆಯನ್ನು ಆಗಾಗ ಬಿಸಿ ಮಾಡಿ ಹತ್ತಿದ್ದನ್ನು ಹಾರಿಸುವ ಏರ್ಪಾಡು ಇತ್ತು. ದೊಡ್ಡ ದೊಡ್ಡವರು ಕೂತು ಮಾಡಿದ ಕೆಲಸ ಅದು, ಸಿಂಧನೂರಿನ ಅತೀಯಾ ಅವರಿಗೆ ಮರಿಗೆ ತೊಳೆಯುವುದನ್ನು ಹೇಳಿಕೊಡಬೇಕಾಗಿಲ್ಲ.

ಲೇಖನ ಕಳಿಸಿ ಆಯಿತು. ಡಿಸೆಂಬರ್ 6ಕ್ಕೆ ಹೈದರಾಬಾದಿನಲ್ಲಿ ಒಂದು ವಿಜ್ಞಾನ ಸಮ್ಮೇಳನ ಇದೆ, ಅಲ್ಲಿ ಇಪ್ಪತ್ತು ನಿಮಿಷ ನನಗೇ ಕೊಟ್ಟಿದ್ದಾರೆ. ಹೈಸ್ಕೂಲಿನಲ್ಲಿ ನನಗೆ ವಿಜ್ಞಾನ ಕಲಿಸಿದ ದಸ್ತಗೀರ್‌ಸಾಬ್ ಮಾಸ್ತರ್ ಈಗ ಮಸ್ಕಿಯಲ್ಲಿದ್ದಾರಲ್ಲ, ಅವರಿಗೆ ಹೇಗೋ ಸುದ್ದಿ ಮುಟ್ಟಿದೆ. ಡಿಸೆಂಬರ್ 15ಕ್ಕೆ ಮಸ್ಕಿಯಲ್ಲಿ ನನಗೆ ಸನ್ಮಾನ ಅಂತೆ. ನೀನು ಮೊದಲ ಸಾಲಿನಲ್ಲಿ ಕೂರಬೇಕು.

ಅತೀಯಾ


ಲಿಂಗಸುಗೂರು
10 ಸೆಪ್ಟೆಂಬರ್ 2024

ಬೇಟಿ ಅತೀಯಾಗೆ ದುವಾ.

ಬೂದಿಯ ಉಪಾಯ ಯಾರು ಕಲಿಸಿದರೆ ಏನು, ಇಂಥದ್ದನ್ನೆಲ್ಲ ಪಾಠದಲ್ಲಿ ಹೇಳುತ್ತಾರೆಯೇ? ನಿನ್ನ ನಾನಿ ಹಾಗೆ ಮಾಡುತ್ತಿರಲಿಲ್ಲ. ಯಾವಾಗಲೋ ರೂಢಿ ಆಯಿತು. ಬಿಡು.

ಸನ್ಮಾನಕ್ಕೆ ಹಸಿರು ರೇಷ್ಮೆಯದು ಉಟ್ಟುಕೊ, ಆ ಬೂದು ಬಣ್ಣದ್ದು ಬೇಡ, ಅದರಲ್ಲಿ ನೀನು ಆಸ್ಪತ್ರೆಯಿಂದ ಎದ್ದು ಬಂದವಳ ಹಾಗೆ ಕಾಣುತ್ತೀ. ನಾನು ಬರುವುದಿಲ್ಲ. ಮಸ್ಕಿಗೆ ನಾನು ಹೋಗುವುದಿಲ್ಲ, ನಿನಗೆ ಗೊತ್ತಲ್ಲ. ಆ ಬಸ್ಸಿನ ಧಕ್ಕೆ ನನಗೆ ಆಗಿ ಬರುವುದಿಲ್ಲ. ಯಮನೂರಮ್ಮನನ್ನು ಕಳಿಸುತ್ತೇನೆ, ಅವಳು ನನ್ನ ಪಾಲಿನ ಚಪ್ಪಾಳೆಯನ್ನೂ ಹೊಡೆದು ಬರಲಿ.

ತಟ್ಟೆ ಬಿಸಿ ಮಾಡುತ್ತಿದ್ದರು ಅಂದೆ. ಒಳ್ಳೆಯದು. ಎಷ್ಟು ದಿನಕ್ಕೊಮ್ಮೆ? ನಿನ್ನ ಹನ್ನೊಂದು ಕಣ ಬಂದದ್ದು ಬಿಸಿ ಮಾಡಿದ ಮೇಲೋ, ಮಾಡುವ ಮೊದಲೋ? ಅದಕ್ಕೂ ಮುಂಚೆ ಆ ತಟ್ಟೆಗೆ ಏನು ಬಿದ್ದಿತ್ತು? ನಾನು ಓದಿದವಳಲ್ಲ, ಮರಿಗೆಯ ಬುದ್ಧಿಯಿಂದ ಕೇಳುತ್ತಿದ್ದೇನೆ. ನಗಬೇಡ.

ಜಮೀಲಾಬೀ


ಲಿಂಗಸುಗೂರು
15 ಅಕ್ಟೋಬರ್ 2024

ಅತೀಯಾ,

ಯಾಕ ಬೇ, ಸೈಂಟಿಸ್ಟ್ ಆದ ಮ್ಯಾಗ ಕೈ ನೋಯಾಕತ್ತಾವೇನು? ಮೂವತ್ತೈದು ದಿನ ಆತು, ಒಂದು ಗೀಟಿಲ್ಲ. ಅಂಚೆಯವ ನನ್ನ ಕಂಡ್ರ ದಾರಿ ಬದಲಾಯಿಸಾಕತ್ಯಾನ.

ಮಸ್ಕಿಗೆ ಬರಂಗಿಲ್ಲ ಅಂದದ್ದಕ್ಕ ಸಿಟ್ಟು ಬಂತೇನು? ಬಂದ್ರ ಬರ್ಲಿ. ನೀ ಸಣ್ಣಾಕಿ ಇದ್ದಾಗ ಎತ್ತಿ ಆಡಿಸಿದ ಕೈ ಇವು, ನಿನ್ನ ಸಿಟ್ಟಿಗೆ ಅಂಜಂಗಿಲ್ಲ. ಇಲ್ಲಾ, "ನಮ್ಮ ಖಾಲಾ ಕಸ ತೊಳಿಯಾಕಿ, ಇಷ್ಟು ದೊಡ್ಡ ಜನರ ಲೆಕ್ಕದಾಗ ಮೂಗು ತೂರಸ್ತಾಳ" ಅನಸ್ತೇನು? ಅನಸಿದ್ರ ಅದನ್ನೂ ಬರಿ. ಬರೀದs ಇರಬ್ಯಾಡ.

ಜಮೀಲಾಬೀ


ಲಿಂಗಸುಗೂರು
4 ನವೆಂಬರ್ 2024

ಬೇಟಿ,

ಸಿಟ್ಟಿನಾಗ ಏನೋ ಬರದೆ, ಮನಸಿನಾಗ ಇಟ್ಕೋಬ್ಯಾಡ. ಬೈದ್ರೂ ಸೈ, ಎರಡು ಸಾಲು ಬರಿ. ಇಲ್ಲಂದ್ರ ನಾನs ಸಿಂಧನೂರಿಗೆ ಬಂದು ನಿನ್ನ ಕಾಲೇಜಿನ ಗೇಟಿನಾಗ ಕುಂದರ್ತೀನಿ.

ಖಾಲಾ


ಸಿಂಧನೂರು
18 ನವೆಂಬರ್ 2024

ಖಾಲಾ,

ನನಗೆ ಸಿಟ್ಟು ಬಂದಿರಲಿಲ್ಲ. ನಿನ್ನ ಸೆಪ್ಟೆಂಬರ್ ಕಾಗದ ಓದಿ ನಗುತ್ತಲೇ ಲ್ಯಾಪ್‌ಟಾಪ್ ತೆರೆದೆ. ಹತ್ತು ನಿಮಿಷದಲ್ಲಿ ನಿನಗೆ ಉತ್ತರ ಬರೆದು ಮುಗಿಸೋಣ ಎಂದುಕೊಂಡಿದ್ದೆ. ಆ ಹತ್ತು ನಿಮಿಷ ಎರಡು ತಿಂಗಳಾಯಿತು.

ಹನ್ನೊಂದು ಕಣಗಳು ಬಂದದ್ದು ಹತ್ತೊಂಬತ್ತು ದಿನಗಳ ಒಳಗೆ. ಆ ಹತ್ತೊಂಬತ್ತು ದಿನ ಶುರುವಾಗುವ ಸ್ವಲ್ಪ ಮುಂಚೆ ನೌಕೆ ಎನ್‌ಸೆಲಾಡಸ್ಸಿನ ಕಾರಂಜಿಯೊಳಗೇ ಹಾಯ್ದು ಬಂದಿತ್ತು. ತಟ್ಟೆಯ ತುಂಬ ಉಪ್ಪು ಬಡಿದಿತ್ತು. ಅದನ್ನು ಬಿಸಿ ಮಾಡಿದ್ದು ಹನ್ನೊಂದನೆಯ ಕಣ ಬಂದ ಮೇಲೆ.

ಆಗಲೂ ನಾನು ನಂಬಲಿಲ್ಲ. ಶನಿಯ ಹತ್ತಿರ ಒಲೆಯ ಬೂದಿ ಎಲ್ಲಿಂದ ತರಲಿ? ನೌಕೆಯೇ ಇಲ್ಲ ಈಗ. ಕೊನೆಗೆ ಒಂದು ದಾರಿ ಹೊಳೆಯಿತು. ಅದೇ ದಿನಗಳಲ್ಲಿ ಅದೇ ತಟ್ಟೆಗೆ ಬಡಿದ ಬೇರೆ ಕಣಗಳಿದ್ದವು, ಬರೀ ಕಲ್ಲಿನ ಪುಡಿ, ಉಪ್ಪಿಗೂ ಅವಕ್ಕೂ ಸಂಬಂಧವಿಲ್ಲ. ಅಂಥವು ನಾನೂರ ಹದಿನಾರು. ಒಂದೊಂದನ್ನೂ ತೆಗೆದು ನೋಡಿದೆ. ಎಲ್ಲದರ ಅಂಕಿಯಲ್ಲೂ ಉಪ್ಪನ್ನು ತೋರಿಸುವ ಗೆರೆ ಇದೆ ಖಾಲಾ. ಮೊದಲ ದಿನ ದಪ್ಪ, ದಿನ ಹೋದಂತೆ ತೆಳ್ಳಗೆ. ತಟ್ಟೆ ಬಿಸಿ ಮಾಡಿದ ಮರುದಿನ ಬಂದ ಕಲ್ಲಿನ ಪುಡಿಯಲ್ಲಿ ಪೂರಾ ಇಲ್ಲ. ಉಪ್ಪು ಕಣಗಳದ್ದಲ್ಲ, ತಟ್ಟೆಯದು. ಹನ್ನೊಂದರಲ್ಲಿ ಒಂದೂ ಉಳಿಯಲಿಲ್ಲ.

ಇದು ಇನ್ನೂ ಯಾರಿಗೂ ಗೊತ್ತಿಲ್ಲ. ಗೈಡ್ ಸರ್‌ಗೂ ಹೇಳಿಲ್ಲ. ಲೇಖನ ಓದಿ ನೋಡಿದ ಪರೀಕ್ಷಕರು "ಚೆನ್ನಾಗಿದೆ, ಅಚ್ಚು ಮಾಡಬಹುದು" ಎಂದು ಬರೆದುಬಿಟ್ಟಿದ್ದಾರೆ. ನಾನು ಬಾಯಿ ಬಿಟ್ಟರೆ ಜೂನ್ ಹೋಗುತ್ತದೆ, ನೇಮಕಾತಿ ಹೋಗುತ್ತದೆ, ನಾಲ್ಕು ವರ್ಷ ಹೋಗುತ್ತದೆ. ನನಗೆ ಭಯವಾಗಿದೆ. ಊಟ ಸೇರುತ್ತಿಲ್ಲ.

ಅಷ್ಟು ದೂರದ ಹನ್ನೊಂದು ಧೂಳಿನ ಕಣ. ಅವುಗಳಿಂದ ಯಾರಿಗೂ ನಷ್ಟವಿಲ್ಲ. ನೀನು ಹೇಳು ಖಾಲಾ, ಸುಮ್ಮನಿದ್ದರೆ ಏನಾಗುತ್ತದೆ?

ಅತೀಯಾ


ಲಿಂಗಸುಗೂರು
23 ನವೆಂಬರ್ 2024

ಬೇಟಿ,

ಕಾಗದ ಮುಟ್ಟಿತು. ನಿನಗೆ ತಿಳಿದಂತೆ ಮಾಡು. ಇದರಲ್ಲಿ ಹೀಗೆ ಮಾಡು ಹಾಗೆ ಮಾಡು ಎಂದು ಹೇಳುವಷ್ಟು ದೊಡ್ಡವಳು ನಾನಲ್ಲ.

ಊಟ ಬಿಡಬೇಡ. ಯಮನೂರಮ್ಮನ ಮಗ ಸಿಂಧನೂರಿಗೆ ಬರುತ್ತಾನೆ, ಅವನ ಕೈಯಲ್ಲಿ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ಕಳಿಸಿದ್ದೇನೆ.

ಜಮೀಲಾಬೀ


ಸಿಂಧನೂರು
12 ಡಿಸೆಂಬರ್ 2024

ಖಾಲಾಗೆ ಸಲಾಮ್.

ಹೇಳಿಬಿಟ್ಟೆ.

ಹೈದರಾಬಾದಿಗೆ ಹೊರಡುವ ಹಿಂದಿನ ದಿನ ಗೈಡ್ ಸರ್‌ಗೆ ಎಲ್ಲ ತೋರಿಸಿದೆ. ಅವರು ಆ ಗೆರೆಗಳನ್ನು ಒಂದೊಂದಾಗಿ ನೋಡಿದರು. "ಇಷ್ಟು ದಿನ ಯಾಕೆ ಹೇಳಲಿಲ್ಲ?" ಎಂದು ಮಾತ್ರ ಕೇಳಿದರು. ಲೇಖನ ವಾಪಸ್ ತಗೊಳ್ಳುವ ಪತ್ರವನ್ನು ಅಲ್ಲೇ ಕೂತು ಬರೆದೆ.

ಸಮ್ಮೇಳನದ ಕಾರ್ಯಕ್ರಮದ ಹಾಳೆಯಲ್ಲಿ ನನ್ನ ಹೆಸರಿನ ಮುಂದೆ "ಹೊಸ ಉಪ್ಪಿನ ಕಣಗಳು" ಎಂದೇ ಅಚ್ಚಾಗಿತ್ತು. ನಾನು ಎದ್ದು ನಿಂತು, "ಹೊಸ ಕಣಗಳು ಇಲ್ಲ, ತಟ್ಟೆಯ ಮೇಲೆ ಹಳೆಯ ಉಪ್ಪಿತ್ತು, ಅದು ನನಗೆ ಹೇಗೆ ತಿಳಿಯಿತು ಎಂದು ಹೇಳುತ್ತೇನೆ" ಎಂದೆ. ಹಿಂದಿನ ಸಾಲಿನಲ್ಲಿ ಇಬ್ಬರು ನಕ್ಕರು. ಮುಂದೆ ಕೂತಿದ್ದ ವಯಸ್ಸಾದ ವಿಜ್ಞಾನಿಯೊಬ್ಬರು ನಗಲಿಲ್ಲ. ಮುಗಿದ ಮೇಲೆ ಅವರು ನನ್ನ ನಾನೂರ ಹದಿನಾರು ಕಣಗಳ ಪಟ್ಟಿ ಕೇಳಿದರು. ಅವರ ವಿದ್ಯಾರ್ಥಿಗಳೂ ಅದೇ ದಿನಗಳ ಅಂಕಿ ಬಳಸುತ್ತಿದ್ದಾರಂತೆ. "ಇದು ಎಲ್ಲಿ ಕಲಿತಿರಿ?" ಎಂದು ಕೇಳಿದರು. ನಾನು ಮೈಕಿನಲ್ಲೇ ಹೇಳಿದೆ: ಲಿಂಗಸುಗೂರಿನ ಸರಾಫ ಬಜಾರದ ಕಸ ತೊಳೆಯುವ ಜಮೀಲಾಬೀ ಅವರಿಂದ. ಅವರು ನಿನ್ನ ಹೆಸರು ಬರೆದುಕೊಂಡರು ಖಾಲಾ. ನಾನು ಕಣ್ಣಾರೆ ನೋಡಿದೆ.

ಜೂನ್ ಹೋಯಿತು. ಈ ವರ್ಷದ ನೇಮಕಾತಿಯೂ ಹೋಯಿತು. ನಾಲ್ಕನೆಯ ದಿನ ಸರ್ ಫೋನ್ ಮಾಡಿ ಪಿಎಚ್‌ಡಿ ಅವಧಿಯನ್ನು ಒಂದು ವರ್ಷ ಹೆಚ್ಚಿಸಲು ಅರ್ಜಿ ಬರೆ ಎಂದರು. ದಸ್ತಗೀರ್‌ಸಾಬ್ ಮಾಸ್ತರ್‌ಗೂ ತಿಳಿಸಿ, ಸನ್ಮಾನ ಬೇಡವೆಂದೆ. "ಶಾಲು ತಂದಿಟ್ಟೀನಿ ಬೇಟಿ, ಹಂಗs ಇರ್ತದ, ಹುಳ ಹತ್ತಂಗಿಲ್ಲ" ಎಂದರು.

ಒಂದು ಮಾತು ಹೇಳಲೇಬೇಕು. ನಿನ್ನ ಹೋದ ಕಾಗದ ಓದಿ ಅತ್ತೆ. ಉಪ್ಪು ಹೆಚ್ಚಾದ ಸಾರಿಗೂ ಹತ್ತು ಬುದ್ಧಿ ಹೇಳುವವಳು ನೀನು, ನನಗೆ ಎಲ್ಲಕ್ಕಿಂತ ಬೇಕಾದಾಗ ಕೈ ಬಿಟ್ಟೆ ಅನ್ನಿಸಿತು. ಆಮೇಲೆ ಅರ್ಥವಾಯಿತು. ಇಂಥದ್ದರಲ್ಲಿ ಸುಮ್ಮನಿರುವುದು ಎಂದರೇನು ಎಂದೇ ನಿನಗೆ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೆ ಏನು ಉತ್ತರ ಬರೆಯುತ್ತೀ? ಆ ವೇದಿಕೆಯ ಮೇಲೆ ನಿನ್ನನ್ನು ನೆನೆಸಿಕೊಂಡೇ ನಿಂತೆ. ಜಮೀಲಾ ಖಾಲಾ ಆಗಿದ್ದರೆ ಒಂದು ಕ್ಷಣವೂ ತಡಮಾಡುತ್ತಿರಲಿಲ್ಲ, ನಾನು ಎರಡು ತಿಂಗಳು ತಡಮಾಡಿದೆನಲ್ಲ ಎಂದು ನಾಚಿಕೆಯಾಯಿತು.

ನಿನ್ನ ಅತೀಯಾ


ಲಿಂಗಸುಗೂರು
20 ಡಿಸೆಂಬರ್ 2024

ಬೇಟಿ ಅತೀಯಾ,

ನಿನ್ನ ಕಾಗದ ಒಮ್ಮೆ ಓದಿದೆ, ಎರಡನೇ ಸಲ ಓದಲು ಆಗಲಿಲ್ಲ. ಯಮನೂರಮ್ಮ "ಏನು ಬರದಾಳ?" ಎಂದು ಕೇಳಿದರೆ "ಆರಾಮ ಅದಾಳಂತ" ಎಂದು ಸುಳ್ಳು ಹೇಳಿದೆ.

ಬೂದಿಯ ಉಪಾಯ ನನಗೆ ಯಾರೂ ಕಲಿಸಲಿಲ್ಲ. ಹೇಗೆ ಬಂತು ಎಂದು ಈಗ ಬರೆಯುತ್ತೇನೆ.

ನೀನು ಹುಟ್ಟುವ ಎರಡು ವರ್ಷ ಮುಂಚಿನ ಮಾತು. ಸರಾಫ ಬಜಾರದಲ್ಲಿ ಎಲ್ಲಕ್ಕಿಂತ ದೊಡ್ಡ ಅಂಗಡಿಯ ಕಸ ನನಗೆ ಬರುತ್ತಿತ್ತು. ಅಲ್ಲಿ ಆರು ಜನ ಪತ್ತಾರರು ಒಡವೆ ಮಾಡುತ್ತಿದ್ದರು. ಒಬ್ಬೊಬ್ಬರು ಕೂರುವ ಜಾಗದ ಕಸ ಬೇರೆ ಬೇರೆ ಚೀಲದಲ್ಲಿ ಕಟ್ಟಿಡುತ್ತಿದ್ದರು. ಯಾರ ಕಸದಲ್ಲಿ ಎಷ್ಟು ಬಂಗಾರ ಇಳಿಯಿತು ಎಂದು ನೋಡಿ ಯಾರ ಕೈ ಎಷ್ಟು ಚೊಕ್ಕ ಎಂದು ಸೇಠ ತಿಳಿದುಕೊಳ್ಳುತ್ತಿದ್ದ. ಅವರಲ್ಲಿ ಮೌನೇಶಪ್ಪ ಎಂಬ ಹುಡುಗ, ಇಪ್ಪತ್ತೆಂಟು ವರ್ಷದವನು. ಅವನ ಕೈಯಷ್ಟು ಚೊಕ್ಕ ಕೈ ಬಜಾರದಲ್ಲೇ ಇರಲಿಲ್ಲ. ಅವನ ಚೀಲ ತೊಳೆದರೆ ಬರೀ ಬೂದಿ.

ಅವತ್ತು ರಮ್ಜಾನ್. ಪಾಲಿಶ್ ಕೋಣೆಯ ದೊಡ್ಡ ಚೀಲ ಮುಗಿಸಿದ್ದೆ, ಅದರಲ್ಲಿ ಯಾವಾಗಲೂ ಬಂಗಾರ ಹೆಚ್ಚು. ರೋಜಾ ಬಿಡುವ ಹೊತ್ತು ಹತ್ತಿರ ಬಂದಿತ್ತು. ಮರಿಗೆಯನ್ನು ಸರಿಯಾಗಿ ಉಜ್ಜದೆ ಮೌನೇಶಪ್ಪನ ಚೀಲ ಸುರಿದೆ. ಇಳಿದ ಬಂಗಾರ ಉಳಿದವರದಕ್ಕಿಂತ ಮೂರು ಪಟ್ಟು. ನನಗೂ ಆಶ್ಚರ್ಯವಾಯಿತು, ಆದರೂ ಹಾಗೇ ಒಯ್ದು ಸೇಠನ ಮುಂದೆ ಇಟ್ಟೆ. ಅರದಿಂದ ಉಜ್ಜುವಾಗ ಬೇಕಂತಲೇ ಪುಡಿಯನ್ನು ಕಸದಲ್ಲಿ ಬೀಳಿಸಿ ಆಮೇಲೆ ಕದ್ದು ಒಯ್ಯುತ್ತಾನೆ ಎಂದು ಸೇಠ ತೀರ್ಮಾನ ಮಾಡಿದ. ಎಲ್ಲರ ಮುಂದೆ ಅಂಗಿ ಬಿಚ್ಚಿಸಿ ಝಾಡಿಸಿ ಹೊರಗೆ ಹಾಕಿದ. ಮೌನೇಶಪ್ಪ ನನ್ನ ಕಡೆ ತಿರುಗಿ, "ಅಕ್ಕಾ, ನೀನರ ಹೇಳು, ಇನ್ನೊಮ್ಮೆ ತೊಳದು ನೋಡಂತ" ಅಂದ. ನಾನು ನೆಲ ನೋಡುತ್ತಾ ನಿಂತೆ.

ಎಂಟು ದಿನದ ಮೇಲೆ ಒಲೆಯ ಬೂದಿ ಹಾಕಿ ಮರಿಗೆ ತಿಕ್ಕಾಕ ಕುಂತೆ. ಬೂದಿಯಾಗ ಬಂಗಾರ ಮಿಂಚಿತು. ನಮ್ಮ ಒಲಿಯಾಗ ಬಂಗಾರ ಎಲ್ಲಿಂದ ಬರಬೇಕು ಅತೀಯಾ? ತಿಕ್ಕಿದಂಗೆಲ್ಲ ಬಂತು. ಹಿಟ್ಟಿನಂಥ ಸಣ್ಣ ಪುಡಿ, ಅರದ್ದಲ್ಲ, ಆ ಸೀಳಿನಾಗ ಕುಂತಿದ್ದು ಪಾಲಿಶ್ ಕೋಣಿದು. ಮೌನೇಶಪ್ಪಂದು ಏನೂ ಇರಲಿಲ್ಲ.

ಹೇಳಿದ್ರ ನನ್ನ ಕೆಲಸ ಹೋಗ್ತಿತ್ತು. ನನ್ನ ಗಂಡ, ನಿಮ್ಮ ಖಾಲೂ, ಹಾಸಿಗಿ ಹಿಡಿದು ಮಲಗಿದ್ರು. ಇವತ್ತು ಹೇಳ್ತೀನಿ, ನಾಳಿ ಹೇಳ್ತೀನಿ ಅಂದೆ. ಆಮ್ಯಾಗ ಹೇಳಿದ್ರ ಏನು ಬಂತು ಅಂದೆ. ಲಿಂಗಸುಗೂರಿನಾಗ ಅವಗ ಯಾರೂ ಕೆಲಸ ಕೊಡಲಿಲ್ಲ. ಮಸ್ಕಿಗೆ ಹೋದ. ಹಳೇ ಬಸ್ ಸ್ಟ್ಯಾಂಡ್ ಹಂತ್ಯಾಕ ಕುಕ್ಕರ್, ಗ್ಯಾಸ್ ಒಲಿ ರಿಪೇರಿ ಮಾಡ್ತಾನ. ಬಸ್ಸಿನ ಕಿಡಕಿಯಿಂದ ಒಮ್ಮೆ ನೋಡೀನಿ. ಅಂಥಾ ಕೈ ಕುಕ್ಕರಿನ ಹಿಡಿ ಕೂಡಿಸಾಕತ್ತಿತ್ತು. ಅವತ್ತಿನಿಂದ ನಾ ಮಸ್ಕಿಗೆ ಇಳಿದಿಲ್ಲ. ಅದೇ ಅಂಗಡಿ ಕಸದ ರೊಕ್ಕದಾಗ ನಿನ್ನ ಪಿಯುಸಿ ಆತು.

ಸುಮ್ಮನಿದ್ರ ಏನಾಗ್ತದ ಅಂತ ನೀ ಕೇಳಿದಿ. ಮೂವತ್ತೊಂದು ವರ್ಷದಿಂದ ನನಗ ಗೊತ್ತದ. ಅದನ್ನ ಬರಿಯಾಕ ನನಗ ಧೈರ್ಯ ಸಾಲಲಿಲ್ಲ, ಅದಕ್ಕ ರೊಟ್ಟಿ ಕಳಿಸಿದೆ. ನೀ ಮಾಡಿದ್ದು ನಾ ಮಾಡ್ಲಿಲ್ಲ. ನನ್ನ ನೆನಸಿ ನಿಂತೆ ಅಂತ ಬರೀಬ್ಯಾಡ ಇನ್ನ.

ಜಮೀಲಾಬೀ


ಸಿಂಧನೂರು
27 ಡಿಸೆಂಬರ್ 2024

ಖಾಲಾ,

ಮೂರು ಸಲ ಬರೆದು ಹರಿದೆ. ನನಗೆ ಸಿಟ್ಟು ಬಂದಿದೆ, ಇಳಿದಿಲ್ಲ, ಬೇಗ ಇಳಿಯುವಂತೆಯೂ ಕಾಣುವುದಿಲ್ಲ. ಆ ಮನುಷ್ಯನ ಮುಖ ನಾನು ನೋಡಿಲ್ಲ, ಆದರೂ ಕಣ್ಣ ಮುಂದೆ ಬರುತ್ತದೆ.

ಆದರೆ ಇದನ್ನು ಯಾರೂ ಕೇಳದೆಯೇ ನೀನು ನನಗೆ ಬರೆದೆ. ನಿನ್ನನ್ನು ಆಕಾಶಕ್ಕೆ ಏರಿಸಿದ್ದೆ, ನೀನೇ ಇಳಿದು ಬಂದೆ. ಅದು ಎಷ್ಟು ಕಷ್ಟ ಎಂದು ಡಿಸೆಂಬರ್ 6ಕ್ಕೆ ನನಗೆ ಗೊತ್ತಾಗಿದೆ.

ನಾನು ಹೇಳಿದ್ದು ಅರವತ್ತು ಅಪರಿಚಿತರ ಮುಂದೆ. ನೀನು ಹೇಳಬೇಕಾದದ್ದು ಒಬ್ಬನ ಮುಂದೆ. ಹೋಗು ಖಾಲಾ. ಯಾವ ದಿನ ಎಂದು ತಿಳಿಸು, ನಾನು ಮಸ್ಕಿ ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತೇನೆ, ಕೈ ಹಿಡಿದುಕೊಂಡು ಜೊತೆಗೆ ಬರುತ್ತೇನೆ.

ಅತೀಯಾ


ಲಿಂಗಸುಗೂರು
4 ಜನವರಿ 2025, ಶನಿವಾರ

ಬೇಟಿ ಅತೀಯಾಗೆ ದುವಾ.

ನಿನಗೆ ತಿಳಿಸದೆ ಮೊನ್ನೆ ಗುರುವಾರ ಹೋಗಿ ಬಂದೆ.

ಅಂಗಡಿ ಸಣ್ಣದು. ಮೌನೇಶಪ್ಪನ ತಲೆ ಪೂರಾ ಬೆಳ್ಳಗಾಗಿದೆ. ಕುಕ್ಕರಿನ ಮುಚ್ಚಳ ಹಿಡಿದು ಕೂತಿದ್ದ. ನನ್ನನ್ನು ನೋಡಿದ ತಕ್ಷಣ ಗುರುತು ಹಿಡಿದ, ಕೂರು ಅನ್ನಲಿಲ್ಲ. ನಾನು ನಿಂತೇ ಹೇಳಿದೆ. ಮರಿಗೆ, ಪಾಲಿಶ್ ಕೋಣೆಯ ಚೀಲ, ರೋಜಾದ ಅವಸರ, ಎಂಟು ದಿನದ ಮೇಲೆ ಕಂಡದ್ದು, ಎಲ್ಲ ಹೇಳಿದೆ. ಕಿವಿ ಕೇಳದವರು ಜೋರಾಗಿ ಮಾತಾಡುತ್ತಾರಲ್ಲ, ಬಾಜೂ ಟೈರ್ ಅಂಗಡಿಯವನು ಹೊರಗೆ ಬಂದು ನಿಂತು ಕೇಳಿದ.

ಅವನ ತುಟಿ ಅಲ್ಲಾಡಿತು, ನನಗೆ ಕೇಳಲಿಲ್ಲ. ಕಿವಿ ತೋರಿಸಿ ತಲೆ ಅಲ್ಲಾಡಿಸಿದೆ. ಆಗ ಅವನು ಒಂದು ರಟ್ಟಿನ ಡಬ್ಬಿ ಎಳೆದುಕೊಂಡು ಪೆನ್ಸಿಲಿನಿಂದ ಬರೆದು ನನ್ನ ಕಡೆ ತಿರುಗಿಸಿದ. "ನಮ್ಮವ್ವ ಸಾಯೋ ತನಕ ನಾ ಮನಿಗೆ ಬಂದ ಕೂಡ್ಲೆ ನನ್ನ ಕಿಸೆ ತಡವಿ ನೋಡ್ತಿದ್ಲು" ಎಂದು ಬರೆದಿದ್ದ.

ಅಲ್ಲೇ ಮೆಟ್ಟಿಲ ಮೇಲೆ ಕೂತೆ. ಮಾಫಿ ಕೇಳಿದೆ. ಅವನು ಕೊಡಲಿಲ್ಲ, ಕೊಡುವುದಿಲ್ಲ ಎಂದೂ ಅನ್ನಲಿಲ್ಲ. ಎದ್ದು ಒಳಗೆ ಹೋಗಿ ಹೆಂಡತಿಯನ್ನು ಕರೆದುಕೊಂಡು ಬಂದ. ಡಬ್ಬಿಯ ಮೇಲೆ ಬರೆದ: "ಈಕಿ ಮುಂದ ಇನ್ನೊಮ್ಮೆ ಹೇಳು." ಹೇಳಿದೆ. ಆ ಹೆಣ್ಣುಮಗಳು ಸೆರಗು ಬಾಯಿಗೆ ಹಿಡಿದುಕೊಂಡು ಗಂಡನ ಮುಖವನ್ನೇ ನೋಡಿದಳು. ಆಮೇಲೆ ಟೈರ್ ಅಂಗಡಿಯವನನ್ನು ಹತ್ತಿರ ಕರೆದ, ಅವನ ಮುಂದೆ ಹೇಳಿಸಿದ. ಆಮೇಲೆ ಮಗ ಬಂದ, ಅವನ ಮುಂದೆ. ನಾಲ್ಕನೆಯ ಸಲ ಹೇಳುವಾಗ ನಡುವೆ ನೀರು ಕೇಳಿದೆ. ಅವನ ಹೆಂಡತಿ ತಂದು ಕೊಟ್ಟಳು. ಅವನು ನಾನು ಕುಡಿದು ಮುಗಿಸುವ ತನಕ ಕಾಯ್ದು, ಮುಂದೆ ಹೇಳು ಎಂದು ಕೈ ಮಾಡಿದ.

ಹೊರಡುವಾಗ ಡಬ್ಬಿಯ ಇನ್ನೊಂದು ಮಗ್ಗಲಿಗೆ ಬರೆದ. ಅವನ ಮಗಳನ್ನು ಸಿಂಧನೂರಿನ ಕಡೆ ಕೊಟ್ಟಿದ್ದಾರೆ, ಐತವಾರ ತವರಿಗೆ ಬರುತ್ತಾಳೆ, ಬೀಗರೂ ಬರುತ್ತಾರೆ. ಅವರಿಗೂ ಆ ಕಳ್ಳತನದ ಆರೋಪ ಗೊತ್ತಂತೆ, ಯಾರೋ ಲಗ್ನದ ಹೊತ್ತಿನಲ್ಲೇ ಮುಟ್ಟಿಸಿದ್ದರಂತೆ. ಅವರ ಮುಂದೆಯೂ ಹೇಳಬೇಕು ಎಂದು ಬರೆದಿದ್ದ.

ನಾಳಿ ಐತಾರ. ಮುಂಜಾನಿ ಏಳೂವರಿ ಬಸ್ಸಿಗೆ ಹೋಗಾಕತ್ತೀನಿ. ಈ ಕಾಗದ ಮುಟ್ಟೂದ್ರಾಗ ಹೋಗಿ ಬಂದಿರ್ತೀನಿ, ಮುಂದೂ ನೀ ಬರಬ್ಯಾಡ ಬೇಟಿ. ನೀ ಜೋಡಿ ಇದ್ರ ಜನ ನಿನ್ನ ಮುಖ ನೋಡಿ ನನಗ ಮರ್ಯಾದಿ ಕೊಡ್ತಾರ, ನನಗ ಅದು ಬ್ಯಾಡ. ಅವ ಯಾರ್‍ಯಾರ ಮುಂದ ಹೇಳು ಅಂತಾನೋ ಅವರೆಲ್ಲಾರ ಮುಂದ ಹೇಳ್ತೀನಿ.

ನಿನ್ನ ಖಾಲಾ
ಜಮೀಲಾಬೀ